ಡಿಸ್ ವಿಭಾಗದ ಒಳರೋಗಿ

ಕರಿಬಂಡಿ ಆಸ್ಪತ್ರೆಯಲ್ಲಿ ಕಾಯಿಲೆಗಳನ್ನು ಭಾಷಾವಾರು ವಿಂಗಡಿಸಲಾಗಿದೆ. ‘ಡಿಸ್’ ಎಂದರೆ ಗ್ರೀಕ್ ಭಾಷೆಯಲ್ಲಿ ‘ಕೆಟ್ಟದ್ದು’ ಎಂಬ ಸಂಗತಿ ಆಡಳಿತಾಧಿಕಾರಿ ರೇವಣಸಿದ್ದಯ್ಯನವರಿಗೆ ಒಂದು ತರಬೇತಿಯಲ್ಲಿ ತಿಳಿಯಿತು. ಊಟದ ನಂತರದ ಪಾಠಕ್ಕೆ ಅವರು ಕೂರಲಿಲ್ಲ. ಮರುದಿನವೇ ಆದೇಶ ಹೊರಟಿತು:

“ಡಿಸ್ಪ್ನಿಯಾ ಅಂದರೆ ಉಸಿರಾಟ ಕೆಟ್ಟವರು, ಡಿಸ್ಫೇಜಿಯಾ ಅಂದರೆ ನುಂಗುವುದು ಕೆಟ್ಟವರು, ಡಿಸ್ಪೆಪ್ಸಿಯಾ ಅಂದರೆ ಅರಗುವುದು ಕೆಟ್ಟವರು ಒಂದೇ ಸರತಿಯಲ್ಲಿ ನಿಲ್ಲತಕ್ಕದ್ದು. ಆಸ್ಪತ್ರೆಯಲ್ಲಿ ಕೆಟ್ಟದ್ದು ಏನೇ ಇದ್ದರೂ ಡಿಸ್ ವಿಭಾಗದಲ್ಲೇ ದಾಖಲಾಗತಕ್ಕದ್ದು.”

ಭಂಕೂರಿನ ಹಣಮಪ್ಪ ಕಲ್ಲು ಪಾಲಿಶ್ ಮಾಡುವವನು. ಕಲ್ಲಿನ ಪುಡಿ ಎದೆಯಲ್ಲಿ ಕೂತು ದಮ್ಮು ಹತ್ತಿತ್ತು. ಹೆಂಡತಿ ಸಾಬಮ್ಮ ಆಟೋದಲ್ಲಿ ಕರೆತಂದಳು.

“ಸಿಸ್ಟರ್, ಇವರಿಗಿ ಔಷಧದ ಹಬಿ ಕೊಡೋ ಮಷಿನ್ ಹಚ್ರಿ. ದಮ್ಮು ಭಾಳ ಹತ್ತಾಕತ್ತದ.”

“ಅದು ಕೆಟ್ಟದವ್ವಾ,” ಎಂದಳು ನರ್ಸ್ ದಾನೇಶ್ವರಿ. “ದಾಖಲ್ ಮಾಡ್ಕೊಂಡೀವಿ.”

ಕಿಟಕಿ ಪಕ್ಕದ ಮಂಚದಲ್ಲಿ ಯಂತ್ರ ಚಾದರ ಹೊದ್ದು ಮಲಗಿತ್ತು. ಬೇರೆ ಮಂಚ ಖಾಲಿ ಇರಲಿಲ್ಲ.

“ಅದಕ್ಕ ಕೆಳಗಿಳಿಸಿ ಇವರಿಗಿ ಮಲಗಿಸ್ರಿ ಸಾಹೇಬ್ರ!” ಎಂದು ಸಾಬಮ್ಮ ಆ ಕಡೆ ಬಂದ ಆಡಳಿತಾಧಿಕಾರಿಗೆ ಕೈಮುಗಿದಳು.

“ಮೊದಲ ಬಂದವರಿಗಿ ಎಬ್ಬಿಸೋ ನಿಯಮ ಇಲ್ಲ,” ಎಂದರು ರೇವಣಸಿದ್ದಯ್ಯ. “ನಿಮ್ಮ ಯಜಮಾನ್ರು ಇನ್ನಾ ಉಸಿರಾಡಾಕತ್ತಾರ. ಅದು ಪೂರ್ತಿ ನಿಲ್ಲಿಸ್ಯಾದ. ಯಾರದು ಸೀರಿಯಸ್, ನೀವೇ ಹೇಳ್ರಿ.”

“ಹಂಗಾದ್ರ ರಿಪೇರಿ ಮಾಡಿಸ್ರಲಾ!”

“ಅದೀಗ ಪೇಶಂಟ್. ಪೇಶಂಟಿಗಿ ಮೆಕ್ಯಾನಿಕ್ ಮುಟ್ಟಂಗಿಲ್ಲ.”

ಡಾಕ್ಟರರು ಬಂದು ಯಂತ್ರವನ್ನು ನೋಡಿದರು. ನಾಡಿ ಸಿಗಲಿಲ್ಲ. ವಿಶ್ರಾಂತಿ ಬರೆದರು.

ಆಸ್ಪತ್ರೆಗೆ ಕರುಣೆ ಇಲ್ಲವೆಂದಲ್ಲ. ಪ್ರತಿ ಒಳರೋಗಿಯ ಜೊತೆ ಒಬ್ಬರು ಇರಬೇಕೆಂಬ ನಿಯಮದಡಿ ಹಣಮಪ್ಪನನ್ನು ಯಂತ್ರದ ಕಡೆಯವನೆಂದು ಬರೆದುಕೊಂಡು ಒಂದು ಸ್ಟೂಲು ಕೊಟ್ಟರು.

ಸಂಜೆ ಬೀಗರು ಬ್ರೆಡ್ಡು, ಎಳನೀರು ಹಿಡಿದು ನೋಡಲು ಬಂದರು. ಮಂಚದಲ್ಲಿ ಮಲಗಿದವರ ತಲೆದೆಸೆಗೆ ಇಡುವುದು ರೂಢಿ. ಅಲ್ಲೇ ಇಟ್ಟರು. ನಿಂತೇ ಒಂದಿಷ್ಟು ನಿಟ್ಟುಸಿರು ಬಿಟ್ಟು, “ಈಗ ಹ್ಯಾಂಗದ?” ಎಂದು ಕೇಳಿದರು.

“ಇನ್ನಾ... ಕಣ್ಣು... ತೆರದಿಲ್ಲ,” ಎಂದ ಹಣಮಪ್ಪ, ಏದುತ್ತ.

ದಾನೇಶ್ವರಿ ತುಟಿಯ ಮೇಲೆ ಬೆರಳಿಟ್ಟಳು. “ಕಾಕಾ, ಸಪ್ಪಳ ಮಾಡದಂಗ ಉಸಿರಾಡ್ರಿ. ಪೇಶಂಟ್ ಮಲ್ಕೊಂಡದ.”

“ತಪ್ಪಾಯ್ತವ್ವಾ,” ಎಂದು ಹಣಮಪ್ಪ ಉಸಿರು ಬಿಗಿಹಿಡಿದ. ಸಾಬಮ್ಮ ಸೆರಗಿನಿಂದ ಯಂತ್ರಕ್ಕೆ ಗಾಳಿ ಹಾಕತೊಡಗಿದಳು.