ಬಗನಿ, ಹಿತ್ತಾಳೆ, ಕೋವಿಯ ಲೋಹ

ತಾನೇ ಮಾಡಿಸಿದ ಬಿಡಿ ಸಾಮಾನು ಹಾಕಿ ಗಾಡಿ ಓಡಿಸುವವನಿಗೆ ನಗೆಯ ಸಂಗತಿಗಳಿಗೆ ಬರವಿಲ್ಲ. ಜೊತೆಗೆ ನಗುವವರು ಇರಬೇಕು, ಅಷ್ಟೆ.

ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಕಾಲ. ನಾನು ಹೊಸನಗರದಲ್ಲಿ ಮೇಷ್ಟ್ರು. ಸಾಗರದ ಕಂಟ್ರಾಕ್ಟರೊಬ್ಬರಿಂದ ಹಳೆಯ ಮೋಟಾರ್ ಸೈಕಲ್ ಕೊಂಡಿದ್ದೆ. ಹಿಂದಿನ ಚಕ್ರವನ್ನು ಹಿಡಿದ ಫೋರ್ಕು ಚೌಕಟ್ಟಿಗೆ ಸೇರುವಲ್ಲಿ, ಬಾಗಿಲಿನ ತಿರುಗಣಿಯಂತೆ, ಬುಷ್ ಎಂಬ ಒಂದು ಸಣ್ಣ ಕೊಳವೆ ಇರುತ್ತದೆ. ಅದು ಸವೆದು ಗಾಡಿಯ ಹಿಂಭಾಗ ಓಲಾಡುತ್ತಿತ್ತು. ಹೊಸದು ಎಲ್ಲೂ ಸಿಗಲಿಲ್ಲ. “ಅದು ನೆಟ್ಟಗಾಗಲಿ, ಕೂತ್ಕೊಂಡು ತೀರ್ಥಹಳ್ಳಿಗೆ ಬರ್ತೀನಿ” ಎಂದಳು ನನ್ನ ಹೆಂಡತಿ. ತೀರ್ಥಹಳ್ಳಿ ಅವಳ ತವರು.

೧. ಒನಕೆಯ ಮರ

ಬಡಗಿ ಆಚಾರ್ರು, “ಒನಕೆ ಮಾಡೋ ಬಗನಿ ಮರ ಇದೆ ಮೇಷ್ಟ್ರೇ, ಕಬ್ಬಿಣಕ್ಕೇ ಬುದ್ಧಿ ಹೇಳುತ್ತೆ” ಎಂದು ಬುಷ್ ಕಡೆದುಕೊಟ್ಟರು. ಮೊದಲ ಮಳೆಗೇ ಮರ ಉಬ್ಬಿತು. ಫೋರ್ಕು ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಒಂದೊಂದು ಗುಂಡಿಯೂ ನೇರವಾಗಿ ನನ್ನ ಬೆನ್ನಿಗೇ ಬಂತು. ಹೋಗಿ ಆಚಾರ್ರಿಗೆ ಹೇಳಿದೆ.

“ಅಲುಗಾಡೋದು ನಿಲ್ಲಿಸಿ ಅಂದಿದ್ರಿ. ನಿಲ್ತೋ ಇಲ್ವೋ?”

೨. ಶಿಸ್ತು

ಹೆಂಡತಿ ತನ್ನ ದಪ್ಪ ಹಿತ್ತಾಳೆ ಕುಟ್ಟಾಣಿಯನ್ನೇ ತಂದುಕೊಟ್ಟಳು. ಅದನ್ನು ಕಡೆಸುವಾಗ ಅಳತೆ ನಾನೇ ಬರೆದುಕೊಟ್ಟೆ. ಕೂದಲೆಳೆಯಷ್ಟೂ ತಪ್ಪಿಲ್ಲದೆ ಬರೆದೆ; ಎಣ್ಣೆ ಹೋಗಲು ಸಂದು ಬಿಡುವುದನ್ನು ಮಾತ್ರ ಮರೆತೆ. ಗಾಡಿ ಅರ್ಧ ಮೈಲಿಗೆ ಕೇಳುವಂತೆ ಕಿರುಚತೊಡಗಿತು. ನಾನು ಶಾಲೆ ಸೇರುವಷ್ಟರಲ್ಲಿ ಎಲ್ಲ ತರಗತಿಗಳೂ ಗಪ್‌ಚಿಪ್. ತಪಾಸಣೆಗೆ ಬಂದ ಇನ್‌ಸ್ಪೆಕ್ಟರು ಶಾಲೆಯ ಶಿಸ್ತನ್ನು ಹೊಗಳಿ ಬರೆದರು.

ಅವಳಿಗೆ ಹೇಳಿದೆ. “ಹಾಗಾದ್ರೆ ಎಣ್ಣೆ ಹಾಕ್ಬೇಡಿ” ಎಂದಳು, “ಶಿಸ್ತು ಹಾಳಾಗುತ್ತೆ.”

೩. ಅನುವಾದ

ಕಾರ್ಗಲ್‌ನ ಫಿಟ್ಟರೊಬ್ಬರು, “ಇದಕ್ಕೆ ಗನ್‌ಮೆಟಲ್ಲೇ ಆಗಬೇಕು ಸಾರ್” ಎಂದರು. ಅದೊಂದು ಬಗೆಯ ಕಂಚು ಎಂದು ನನಗೆ ಗೊತ್ತಿರಲಿಲ್ಲ. ತೀರ್ಥಹಳ್ಳಿಯಲ್ಲಿ ಸಿಕ್ಕೀತೆಂದು, ಇಂಗ್ಲಿಷ್ ಬಾರದ ಮಾವನವರಿಗೆ ಶುದ್ಧ ಕನ್ನಡದಲ್ಲೇ ಕಾಗದ ಬರೆದೆ: “ಕೋವಿಯ ಲೋಹ ಒಂದು ಗೇಣು ಬೇಕಾಗಿದೆ.”

ಮಾವನವರು ಮುಂದಿನ ಬಸ್ಸಿಗೇ ಬಂದರು. ಪಂಚೆಯಲ್ಲಿ ಸುತ್ತಿ ತಂದ ತಮ್ಮ ಕೋವಿಯನ್ನು ಜಗಲಿಯ ಮೇಲೆ ಮಲಗಿಸಿ, “ಎಲ್ಲಿಂದ ಕೊಯ್ಬೇಕು, ಗುರುತು ಹಾಕಿ ಅಳಿಯಂದ್ರೇ. ಗದ್ದೆಗೆ ಹಂದಿ ಬಂದ ದಿನ ನಿಮ್ಮ ಮೋಟಾರ್ ಸೈಕಲ್ ಕಳ್ಸಿಕೊಡಿ” ಎಂದರು.

೪. ತೀರ್ಥಹಳ್ಳಿಗೆ

ಕೊನೆಗೆ ಆ ಫಿಟ್ಟರೇ ನಿಜವಾದ ಗನ್‌ಮೆಟಲ್ ಹುಡುಕಿ ಬುಷ್ ಮಾಡಿಕೊಟ್ಟರು. ಸರಿಯಾದ ಲೋಹ ಬೇಕೆಂದು ನಾನು ಎರಡು ವರ್ಷ ಕಳೆದಿದ್ದೆ. ಮರದ ಬುಷ್ಷಿನ ಮೇಲೇ ಹೆಂಡತಿಯನ್ನು ಮೆಲ್ಲಗೆ ಕರೆದೊಯ್ಯಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಆ ಗಾಡಿಯ ಮೇಲೆ ಅವಳು ಕೂತದ್ದು ತೀರ್ಥಹಳ್ಳಿಗೆ ಹೋದ ಅದೊಂದೇ ಸಲ. ಅವಳ ಕಾಯಿಲೆಯ ಬಗ್ಗೆ ಡಾಕ್ಟರು ಹಿಂದಿನ ವಾರ ಹೇಳಿದ್ದನ್ನು ನಾನು ಅವಳಿಗೆ ಹೇಳಿರಲಿಲ್ಲ. ದಾರಿಯುದ್ದಕ್ಕೂ ನನ್ನ ಕೈ ನಡುಗುತ್ತಿತ್ತು. ಹಿಂದೆ ಕೂತವಳಿಗೆ ಅದು ತಿಳಿಯಲಿಲ್ಲವೆಂದುಕೊಂಡಿದ್ದೆ.

ಅಂಗಳದಲ್ಲಿ ಇಳಿದವಳೇ ಸೆರಗು ಸರಿಮಾಡಿಕೊಂಡು ಅಪ್ಪನಿಗೆ ಹೇಳಿದಳು:

“ಗಾಡಿ ಒಂಚೂರೂ ಅಲುಗಲಿಲ್ಲ ಅಪ್ಪಯ್ಯ. ನಿಮ್ಮ ಅಳಿಯನಿಗೇ ಒಂದು ಬುಷ್ ಹಾಕಿಸ್ಬೇಕು.”