ಮೂರು ಸ್ಕ್ಯಾನರ್, ಏಳು ಖೇಪು ನೀರು

ನಾನು ಹೆದರಿದಷ್ಟು ಅನಾಹುತ ಎಂದೂ ಆಗುವುದಿಲ್ಲ, ಹೆದರದೇ ಇದ್ದದ್ದು ಮಾತ್ರ ತಪ್ಪದೆ ಆಗುತ್ತದೆ. ಬರ ಬಿದ್ದ ಆ ಬೇಸಿಗೆಯಲ್ಲಿ ನಾನು ಬೀದರಿನ ಒಂದು ಕಚೇರಿಯಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಜಾಲ ನೋಡಿಕೊಳ್ಳುತ್ತಿದ್ದೆ. ಹಳ್ಳಿಗಳಿಗೆ ಟ್ಯಾಂಕರ್ ಕಳಿಸುವ ಚೀಟಿ ದಿನಾ ಮುಂಜಾನೆ ಇದೇ ಜಾಲದಲ್ಲಿ ಹೋಗುತ್ತಿತ್ತು. ಔರಾದ ಕಡೆ, ಡಾಬಕಾ ದಾಟಿ ಒಂದು ಸಣ್ಣ ಹಳ್ಳಿ, ಅಲ್ಲಿ ನನ್ನ ಅಕ್ಕನ ಮನೆ. ಅವಳ ಓಣಿಯಲ್ಲಿ ಅರ್ಧ ಮನೆಗಳಿಗೆ ಆಗಲೇ ಕೀಲಿ ಬಿದ್ದಿತ್ತು.

"ಎರಡು ದಿನ ಟ್ಯಾಂಕರ್ ತಪ್ತಂದ್ರ ನಾವೂ ಎಮ್ಮಿ ಮಾರಿ ಹೈದರಾಬಾದ್ ಬಸ್ ಹತ್ತತೀವಿ ನೋಡು," ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. ಅದೇ ವಾರ ಮೇಲಿನಿಂದ ಆದೇಶ ಬಂತು. ಜಾಲದಲ್ಲಿ ಕಳ್ಳರು ನುಗ್ಗುವ ಸಂದು ಎಲ್ಲಿದೆ ಎಂದು ತಟ್ಟಿ ನೋಡುವ ಸ್ಕ್ಯಾನರ್ ಬೀದರಿನಲ್ಲಿ ಒಂದೇ ಇದ್ದರೆ ಸಾಲದು, ಭಾಲ್ಕಿಗೊಂದು, ಔರಾದಿಗೊಂದು ಹೆಚ್ಚುವರಿ ಕೂಡಿಸಬೇಕು. ಎಲ್ಲವೂ ವರ್ಚುವಲ್ ಮಶೀನು, ಅಂದರೆ ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರ್. ನಾನು ಕೈಯಿಟ್ಟು ಚೀಟಿ ನಿಂತರೆ? ನನಗೆ ಊಟ ಸೇರಲಿಲ್ಲ.

ಬಣ್ಣದ ಡಬ್ಬಿ

ಮೊದಲು ಎದುರಾದವರು ಉಗ್ರಾಣದ ಗುಮಾಸ್ತರು. ಕಚೇರಿಗೆ ಬಂದ ಪ್ರತಿ ಸಾಮಾನಿಗೂ ಬಿಳಿ ಬಣ್ಣದಲ್ಲಿ ನಂಬರ್ ಬರೆಯುವುದು ಅವರ ಕೆಲಸ. ಕುಂಚ ಹಿಡಿದೇ ಬಂದರು.

"ಮೂರು ಮಶೀನ್ ಅಂತ ಆದೇಶದಾಗ ಅದ. ಎಲ್ಲಿ ಅದಾವ್ರಿ?"

"ಕಣ್ಣಿಗಿ ಕಾಣಂಗಿಲ್ರಿ. ಈಗ ಆ ಕಂಪ್ಯೂಟರಿನೊಳಗ ಅವ, ಆಮ್ಯಾಲ ಆಯಾ ಊರಿನ ಕಂಪ್ಯೂಟರಿಗಿ ಹೋಗತಾವ."

"ಹೊರಗ ತಗೀರಿ, ನಂಬರ್ ಬರದು ಮತ್ತ ಒಳಗ ಇಡ್ರಿ."

ಅರ್ಧ ತಾಸು ತಿಳಿಸಿ ಹೇಳಿದೆ. ಅವರು ಎಲ್ಲವನ್ನೂ ಶಾಂತವಾಗಿ ಕೇಳಿ, "ಹಂಗಾದ್ರ ಅದರ ಜವಾಬ್ದಾರಿ ಯಾರದು?" ಎಂದರು. ನನ್ನದು ಎಂದೆ. ನನ್ನ ಕುರ್ಚಿಯ ಬೆನ್ನಿಗೆ ಮೂರೂ ನಂಬರ್ ಬರೆದು ಹೋದರು. ಹಸಿ ಬಣ್ಣ ನನ್ನ ಅಂಗಿಗೂ ಅಂಟಿತು. ಅಂದು ಸಂಜೆವರೆಗೆ ಬೀದರಿನ ಜಾಲದ ಭದ್ರತೆ ನನ್ನ ಬೆನ್ನ ಮೇಲೇ ಇತ್ತು.

ಊಟದ ಹೊತ್ತು

ಭಾಲ್ಕಿಯ ಸ್ಕ್ಯಾನರ್ ದಿನಾ ಮಧ್ಯಾಹ್ನ ಒಂದೂವರೆಗೆ ಸತ್ತು, ಮೂರಕ್ಕೆ ಎದ್ದು ಕೂಡುತ್ತಿತ್ತು. ಯಾರೋ ಹೊರಗಿನವರು ಜಾಲದೊಳಗೆ ಹೊಕ್ಕಿದ್ದಾರೆ ಎಂದೇ ನಂಬಿದೆ. ನಾಲ್ಕನೇ ದಿನ ಉರಿಬಿಸಿಲಿನಲ್ಲಿ ಬಸ್ ಹಿಡಿದು ಹೋದೆ. ಸರಿಯಾಗಿ ಒಂದೂವರೆಗೆ ಅಲ್ಲಿಯ ಜವಾನರು ಬಂದು, ಮೇನ್ ಸ್ವಿಚ್ ಕೆಳಗೆಳೆದು, ಬುತ್ತಿ ಬಿಚ್ಚಿದರು.

"ಯಾಕ್ರಿ ಕಾಕಾ, ಬಂದ್ ಮಾಡಿದ್ರಿ?"

"ಸಾಹೇಬ್ರು ಉಂಡು ಮಲಗ್ಯಾರ. ಇಂಥಾ ಬಿಸಲಾಗ ಈ ಕಂಪ್ಯೂಟರ್ ಒಂದೇ ಯಾಕ ದುಡೀಬೇಕ್ರಿ? ಪಾಪ, ಮುಟ್ಟಿ ನೋಡ್ರಿ, ಮೈ ಸುಡ್ಲತ್ತದ."

ಮುಟ್ಟಿ ನೋಡಿದೆ. ಸುಡುತ್ತಲೇ ಇತ್ತು. ನಾನೂ ಎರಡು ರೊಟ್ಟಿ ತಿಂದು, ವರದಿಯಲ್ಲಿ 'ದಾಳಿ ನಡೆದಿಲ್ಲ, ವಿಶ್ರಾಂತಿ ನಡೆದಿದೆ' ಎಂದು ಬರೆದೆ.

ಔರಾದ

ಉಳಿದದ್ದು ಔರಾದ. ಅಲ್ಲಿ ಕೂಡಿಸಿದ ಸ್ಕ್ಯಾನರನ್ನು ಬೀದರಿನಿಂದಲೇ ಮುಂಜಾನೆ ಚಾಲೂ ಮಾಡಿದೆ. ಅದು ಜಾಲದಲ್ಲಿದ್ದ ಎಲ್ಲವನ್ನೂ ತಟ್ಟುತ್ತಾ ಹೋಗಿ, ಚೀಟಿ ಛಾಪಿಸುವ ಅಲ್ಲಿಯ ಪ್ರಿಂಟರನ್ನೂ ತಟ್ಟಿತು. ತಟ್ಟಿದ್ದನ್ನೇ ಪ್ರಿಂಟರ್ ಅಪ್ಪಣೆ ಎಂದು ತಿಳಿದು ಅರ್ಥವಿಲ್ಲದ ಅಕ್ಷರಗಳನ್ನು ಹಾಳೆ ಹಾಳೆಯಾಗಿ ಛಾಪಿಸಿತು. ಪ್ರಿಂಟರನ್ನು ಬಿಟ್ಟು ಉಳಿದದ್ದನ್ನು ತಟ್ಟು ಎಂದು ಹೇಳುವುದನ್ನು ನಾನು ಮರೆತಿದ್ದೆ. ಪರದೆಯಲ್ಲಿ ನೋಡಿದರೆ ಉಳಿದ ಎಲ್ಲ ಹಳ್ಳಿಗಳ ಚೀಟಿ ಹೊರಬಿದ್ದಿದೆ, ಕೊನೆಯದೊಂದು ಸಿಕ್ಕಿಹಾಕಿಕೊಂಡಿದೆ. ಕೊನೆಯದು ಅಕ್ಕನ ಹಳ್ಳಿಯದು.

ಮಧ್ಯಾಹ್ನದ ತನಕ ಔರಾದಿಗೆ ಫೋನ್ ಹಚ್ಚಿದೆ, ಯಾರೂ ಎತ್ತಲಿಲ್ಲ. ಕೊನೆಗೆ ಬಸ್ ಹತ್ತಿದೆ, ದಾರಿಯುದ್ದಕ್ಕೂ ಕಣ್ಣ ಮುಂದೆ ಅಕ್ಕನ ಎಮ್ಮೆಯೇ. ನನ್ನಿಂದಲೇ ಅವಳ ಮನೆಗೂ ಕೀಲಿ ಬೀಳುತ್ತದೆ. ಮುಟ್ಟುವಷ್ಟರಲ್ಲಿ ಸಂಜೆ ನಾಲ್ಕಾಗಿತ್ತು. ಚೀಟಿ ಕೊಡುವ ಹೆಣ್ಣುಮಗಳು, ಎಲ್ಲರೂ ಬಾಯಾರು ಎನ್ನುವವರು, ಆರಾಮಾಗಿ ಚಹಾ ಕುಡಿಯುತ್ತಿದ್ದರು.

"ಬಾಯಾರ, ಕೊನೀ ಹಳ್ಳಿ ಚೀಟಿ ಬಂದಿಲ್ಲಲ್ರಿ?"

"ಬಂದಿಲ್ಲೇನ್ರಿ? ಏಳು ಬಂದಾವ!"

ಅವರ ಪದ್ಧತಿ ಹೀಗಿತ್ತು. ಪ್ರಿಂಟರಿನಿಂದ ಬಿದ್ದ ಹಾಳೆಗೆ ಸಿಕ್ಕಾ, ಅಂದರೆ ಮೊಹರು, ಹೊಡೆದು ಡ್ರೈವರನಿಗೆ ಕೊಡುವುದು. ದಿನಾ ಹಳ್ಳಿಗಳ ಸರತಿ ಅದೇ, ಒಂದು ಹಾಳೆಗೆ ಒಂದು ಖೇಪು, ಅಂದರೆ ಒಂದು ಟ್ಯಾಂಕರ್ ನೀರು. ಹಾಳೆ ಇಲ್ಲದಿದ್ದರೆ ಟ್ಯಾಂಕರ್ ಬೇವಿನ ನೆರಳು ಬಿಟ್ಟು ಕದಲುವಂತಿಲ್ಲ. ಬೇರೆ ಹಳ್ಳಿಗಳ ಚೀಟಿ ಮುಗಿದ ಮೇಲೆ ಏಳು ಹಾಳೆ ಬಿದ್ದವು, ಉಳಿದದ್ದು ಒಂದೇ ಹಳ್ಳಿ. ಏಳೂ ಅದರವೇ.

"ಅದರಾಗ ಏನ್ ಬರದದ ಅಂತ ಓದ್ಲಿಲ್ಲೇನ್ರಿ?"

"ಚೀಟಿ ಯಾರು ಓದ್ತಾರ್ರಿ? ಸಿಕ್ಕಾ ಹೊಡೀಲಕ್ಕ ಜಾಗಾ ಇದ್ರ ಸಾಕು."

ಅಷ್ಟರಲ್ಲಿ ಡ್ರೈವರ್ ಒಬ್ಬ ಎಲ್ಲ ಟ್ಯಾಂಕರಿನ ಏಳೂ ಹಾಳೆ ತಂದು ಮೇಜಿನ ಮೇಲಿಟ್ಟ. ಮೇಲೆ ಹುಚ್ಚುಹುಚ್ಚಾದ ಅಕ್ಷರ, ನಡುವೆ ದುಂಡು ಸಿಕ್ಕಾ, ಕೆಳಗೆ 'ನೀರು ಮುಟ್ಟಿತು' ಎಂದು ಊರಿನ ಪರವಾಗಿ ನನ್ನ ಅಕ್ಕನದೇ ಸಹಿ. ನನಗೆ ಅಳು ಬಂತೋ ನಗು ಬಂತೋ ತಿಳಿಯದೆ ಅಲ್ಲೇ ಕುಳಿತು ಅವಳಿಗೆ ಫೋನ್ ಮಾಡಿದೆ.

"ತಮ್ಮಾ, ಕೊಡ, ಬಾಂಡಿ, ಹಂಡೆ ಎಲ್ಲಾ ತುಂಬ್ಯಾವ! ಎಮ್ಮಿಗೂ ಜಳಕಾ ಮಾಡ್ಸೀನಿ. ಇಷ್ಟು ನೀರು ಹ್ಯಾಂಗ ಬಂತೋ?"

"ಅಕ್ಕಾ, ಯಾರ ಮುಂದೂ ಹೇಳಬ್ಯಾಡ. ಅದು ನನ್ನ ತಪ್ಪಿನಿಂದ ಆದದ್ದು."

ಅವಳು ಮೆಲ್ಲಗೆ ಕೇಳಿದಳು: "ಮತ್ತ ಯಾವಾಗ ತಪ್ಪ ಮಾಡ್ತಿ? ಮೊದ್ಲೇ ಹೇಳು, ಕೌದಿ, ಹಾಸಿಗಿ ಎಲ್ಲಾ ಒಗೀಲಕ್ಕ ತಗದಿಡ್ತೀನಿ."