ಯು ಅವರು, ಓ ಅವರು, ಎ ಅವರು

ನಮ್ಮ ಪಾಸ್‌ಪೋರ್ಟ್ ಕಚೇರಿಯ ದಾಖಲೆಗಳ ಪ್ರಕಾರ, ಗಡಿಯಾರ ಕಂಬದ ಬೀದಿಯ ದರ್ಜಿ ಮೂರು ಜನ. ಮೂವರೂ ಒಂದೇ ಕನ್ನಡಕ ಹಾಕಿಕೊಂಡು, ಒಂದೇ ಹೊಲಿಗೆ ಯಂತ್ರದ ಮುಂದೆ, ಒಂದೇ ಸಮಯಕ್ಕೆ ಕೂರುತ್ತಾರೆಂಬುದು ಕಚೇರಿಗೆ ಸಂಬಂಧಿಸಿದ ವಿಷಯವಲ್ಲ.

ಅರಬಿಯಲ್ಲಿ ಅವರ ಹೆಸರಿಗೆ ನಾಲ್ಕೇ ಅಕ್ಷರ. ಆ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವ ರೂಢಿ ಇಲ್ಲ. ಇಂಗ್ಲಿಷ್ ಅಕ್ಷರಕ್ಕೆ ತರುವಾಗ ಗುಮಾಸ್ತರೇ ಕೈಯಿಂದ ಹಾಕಬೇಕು. ಗುಮಾಸ್ತರು ಧಾರಾಳಿಗಳು. ಮೊದಲ ಅಕ್ಷರದ ಪಕ್ಕಕ್ಕೆ ಶಾಲೆಯ ಪತ್ರದಲ್ಲಿ ‘ಯು’ ಹಾಕಿದರು, ಮದುವೆಯ ಪತ್ರದಲ್ಲಿ ‘ಓ’, ಮಗಳ ಜನನ ಪತ್ರದಲ್ಲಿ ತಂದೆಯ ಹೆಸರಿಗೆ ‘ಎ’. ಸ್ಪೆಲ್ಲಿಂಗ್ ಮೂರು, ಆದ್ದರಿಂದ ಜನವೂ ಮೂರು.

ಪರದೇಶದಲ್ಲಿರುವ ಮಗಳಿಗೆ ಹೆರಿಗೆ ಹತ್ತಿರ ಬಂತೆಂದು ದರ್ಜಿ ಅರ್ಜಿ ಹಾಕಿದಾಗ, ನಮ್ಮ ಅಧೀಕ್ಷಕರು ಸೌಜನ್ಯದಿಂದಲೇ ವಿಚಾರಿಸಿದರು.

“ನಿಮ್ಮಲ್ಲಿ ಯಾರು ಹೋಗೋದು?”

“ನಾನೇ ಸಾರ್.”

“ಅದು ಸರಿ. ಯಾವ ನಾನು?”

ದರ್ಜಿ ಕನ್ನಡಕ ತೆಗೆದು ಒರೆಸಿಕೊಂಡರು. ಬಡವನ ಕೋಪ ದವಡೆಗೆ ಮೂಲ ಎಂಬುದನ್ನು ಬಲ್ಲವರು.

ನಿಯಮದಂತೆ ಉಳಿದಿಬ್ಬರಿಂದ ‘ನಮ್ಮ ಆಕ್ಷೇಪಣೆ ಇಲ್ಲ’ ಎಂಬ ಪತ್ರ ಕೇಳಲಾಯಿತು. ತಂದರು. ಮೂರೂ ಸಹಿ ಒಂದೇ ತರಹ ಇದ್ದುದರಿಂದ ಎರಡು ನಕಲಿ ಎಂದು ತಿರಸ್ಕರಿಸಲಾಯಿತು. ಎಡಗೈಯಲ್ಲೊಂದು, ಕಣ್ಣು ಮುಚ್ಚಿಕೊಂಡೊಂದು ಸಹಿ ಹಾಕಿ ತಂದರು. ಅಸಲಿ ಎಂದು ಅಂಗೀಕರಿಸಲಾಯಿತು.

ಅಷ್ಟರಲ್ಲಿ ಇನ್ನೊಂದು ತೊಡಕು. ಪಾಸ್‌ಪೋರ್ಟ್ ಸಿಗುವುದು ಶಾಲೆಯ ಪತ್ರದಲ್ಲಿರುವ ವ್ಯಕ್ತಿಗೆ. ಆದರೆ ‘ಯು’ ಅವರಿಗೆ ಮದುವೆಯೇ ಆಗಿಲ್ಲ. ಮದುವೆಯಾದವರು ‘ಓ’ ಅವರು, ಮಗಳು ‘ಎ’ ಅವರದು. ಈ ಬಗ್ಗೆ ದರ್ಜಿಯ ಹೆಂಡತಿಯಿಂದ ವಿವರಣೆ ಕೇಳಲಾಯಿತು.

“ಮೂವರಿಗೂ ಬೇಯಿಸಿ ಹಾಕ್ತಿರೋಳು ನಾನೊಬ್ಬಳೇ ಸ್ವಾಮಿ,” ಎಂದರು ಆಕೆ. “ಯಾರನ್ನಾದ್ರೂ ಬೇಗ ಕಳಿಸಿಕೊಡಿ. ಮಗು ಸ್ಪೆಲ್ಲಿಂಗ್ ನೋಡ್ಕೊಂಡು ಹುಟ್ಟಲ್ಲ.”

ನಮಗೆ ಕರುಣೆಯಿಲ್ಲ ಎನ್ನುವಂತಿಲ್ಲ. ‘ಯು’ ಅವರನ್ನು ‘ಬಾಣಂತಿಯ ತಂದೆಯ ಪರಿಚಿತರು’ ಎಂದು ನಮೂದಿಸಿ ಕಳಿಸಿಕೊಟ್ಟೆವು. ಅಲ್ಲಿ ರಕ್ತಸಂಬಂಧ ಹೇಳಿಕೊಳ್ಳಕೂಡದು, ಹೇಳಿಕೊಂಡರೆ ಪಾಸ್‌ಪೋರ್ಟ್ ರದ್ದು ಎಂಬುದೊಂದೇ ಷರತ್ತು.

ವಾಪಸಾಗಿ ಅವರು ಸಲ್ಲಿಸಿದ ವರದಿ ನಮ್ಮ ಕಡತದಲ್ಲಿದೆ. ಷರತ್ತು ಎಲ್ಲೂ ಮುರಿದಿಲ್ಲ. ವಾರ್ಡಿನ ಬಾಗಿಲಲ್ಲಿ ನರ್ಸ್ ನಮ್ಮ ಕಾಗದವನ್ನು ಗಟ್ಟಿಯಾಗಿ ಓದಿ ಒಳಗೆ ಬಿಟ್ಟಿದ್ದಾರೆ. ಮಗಳು ಮೆಲ್ಲಗೆ ಎದ್ದು ಕೂತು, ನರ್ಸಿನ ಮುಖವನ್ನೊಮ್ಮೆ ನೋಡಿ, ಮಗುವನ್ನು ಮುಂದಕ್ಕೆ ಚಾಚಿದ್ದಾಳೆ.

“ಎತ್ಕೊಳ್ಳಿ ಅಂಕಲ್. ಅಪ್ಪ ಬಂದಿದ್ರೆ ತುಂಬಾ ಸಂತೋಷಪಡ್ತಿದ್ರು.”

“ಹೌದಮ್ಮ,” ಎಂದರಂತೆ ದರ್ಜಿ, ಮಗುವನ್ನು ಎದೆಗೊತ್ತಿಕೊಂಡು. “ಊರಿಗೆ ಹೋದ್ಮೇಲೆ ನಾನೇ ಅವರಿಗೆ ಹೇಳ್ತೀನಿ.”